ಎಡಮುರಿ

ಹೂಳೆತ್ತುವ ಜೆಸಿಬಿ ಮಧ್ಯಾಹ್ನದ ಊಟಕ್ಕೆ ನಿಂತಿತ್ತು.
ಸಿಂಧನೂರು ದಾಟಿದ ಮೇಲೆ ಒಂದು ಕೆರೆ, ಹೆಸರು ಬೇಡ ಬಿಡಿ,
ಅದರ ಹೊಟ್ಟೆಯಲ್ಲಿ ಎರಡಾಳು ಆಳದ ಗುಂಡಿ.
ಗುಂಡಿಯ ಗೋಡೆಗೆ ಮುಖ ಮಾಡಿ ಕೂತಿದ್ದೆ ನಾನು,
ಅಡಿಪಟ್ಟಿ, ಚಾಕು, ಮಗಳ ಹಳೆಯ ಟೂತ್‌ಬ್ರಷ್ ಹಿಡಿದು.

ತಳದ ಎರೆಮಣ್ಣಿನಲ್ಲಿ ಅಂಗೈಯಗಲದ ಜೋಡಿಚಿಪ್ಪು,
ಬಾಯಿ ಬಿಗಿದುಕೊಂಡೇ ಹೂತುಹೋಗಿದ್ದವು.
ಒಂದನ್ನು ಮೀಟಿ ತೊಳೆದೆ,
ಒಳಗೆ ಕಾಮನಬಿಲ್ಲು ಇನ್ನೂ ಆರಿರಲಿಲ್ಲ.

ಮೇಲೊಂದು ಗೇಣು ಗುಂಡುಹುಳು,
ನಿಂಬೆಹಣ್ಣಿನಷ್ಟು, ಬಾಗಿಲು ಸಮೇತ.
ಕೆರೆ ಬ್ಯಾಸಗಿಗೆ ಒಣಗುತ್ತಿದ್ದ ಕಾಲವದು.
ಬಿರುಕಿನೊಳಗೆ ಇಳಿದು, ಒಳಗಿನಿಂದ ಬಾಗಿಲು ಹಾಕಿಕೊಂಡು
ಮೃಗಶಿರಾ ಮಳೆ ಬಂದು ತಟ್ಟುವ ತನಕ ಮಲಗುತ್ತಿದ್ದವು.

ಆಮೇಲೆ ಕಾಲುವೆ ಬಂತು.
ಕೆರೆ ಒಣಗುವುದನ್ನೇ ಮರೆಯಿತು.
ನೀರು ಹೆಚ್ಚಾಗಿಯೂ ಒಂದು ಕುಲ ಸೊರಗಬಹುದೆಂದು
ನನಗೆ ಯಾರೂ ಪಾಠ ಮಾಡಿರಲಿಲ್ಲ.

ಇನ್ನೂ ಮೇಲೆ ಮೊಳೆಯಂಥ ತಿರುಪುಹುಳು, ಹಿಂಡುಹಿಂಡು.
ಭತ್ತ, ಯೂರಿಯಾ, ಮತ್ತೆ ಭತ್ತ.
ಕೊನೆಯ ಎಂಟು ಬೆರಳಿನಲ್ಲಿ
ಒಂದೇ ಜಾತಿ. ಕಿರುಬೆರಳಿನ ಉಗುರಿನಷ್ಟು, ಈರುಳ್ಳಿ ಸಿಪ್ಪೆಯಷ್ಟು ತೆಳು.
ತುದಿ ಮೇಲೆ ಮಾಡಿ ನನ್ನ ಕಡೆ ತಿರುಗಿಸಿ ಹಿಡಿದೆ.
ಬಾಯಿ ಎಡಕ್ಕಿತ್ತು.
ಕೆಳಗಿನ ಹುಳುಗಳೆಲ್ಲ ಬಲಕ್ಕೆ ಸುತ್ತಿದ್ದವು.

ಸುಣಗಾರರ ಅಂಬವ್ವ ಜರಡಿ ಹಿಡಿದು ಗುಂಡಿಗಿಳಿದಳು.
"ಏನ್ ಎಣಸಾಕತ್ತೀರಿ ಟೀಚರ?"
ಯಾವ್ಯಾವು, ಎಷ್ಟೆಷ್ಟು ಅಂತ, ಅಂದೆ.
"ಅದನ್ನ ಸಾಲಿ ಗ್ವಾಡಿಗೆ ಕೇಳ್ರಿ.
ನಮ್ಮತ್ತಿ ದೊಡ್ಡ ಚಿಪ್ಪು ಸುಡತಿದ್ಲು,
ನೀರು ಹಾಕಿದ್ರ ಸುಣ್ಣ ಮಲ್ಲಿಗಿ ಅರಳಿದಂಗ ಅರಳತಿತ್ತು.
ಈ ಎಡಮುರಿ ಏನಕ್ಕೂ ಬರಂಗಿಲ್ಲ,
ಉರಿ ಕಂಡ್ರ ಬೂದಿ,
ಎಲಿಗೆ ಹಚ್ಚಿದ್ರ ತುಟಿ ಸೈತ ಕೆಂಪಾಗಂಗಿಲ್ಲ."

ನನಗೆ ಗೊತ್ತಿದ್ದುದನ್ನು ನಾನೂ ಹೇಳಿದೆ:
ದೊಡ್ಡ ಚಿಪ್ಪಿನ ಮರಿ ಹುಟ್ಟಿದ ಕೂಡಲೇ
ಮೀನಿನ ಕಿವಿರಿಗೆ ಅಂಟಿಕೊಳ್ಳುತ್ತದೆ,
ಕೆಲವು ದಿನ ಸವಾರಿ ಮಾಡಿ ಬೇರೆ ಕಡೆ ಇಳಿಯುತ್ತದೆ.
ಗುತ್ತಿಗೆಯ ಬಾಷಾಸಾಬ ಜಿಲೇಬಿ ಮೀನು ಬಿಟ್ಟ ಮೇಲೆ
ಆ ಹಳೆಯ ಮೀನುಗಳೇ ಇಲ್ಲ.
ಅಂಬವ್ವ ಜರಡಿ ನಿಲ್ಲಿಸಿ ಯೋಚಿಸಿದಳು.
"ಬಸ್ಸs ಬಂದ್ ಆದ್ರ ಹುಡುಗ್ರು ಊರಿಗೆ ಹೆಂಗ ಬರ್ತಾವ."

ಸಂಜೆ ಶಾಲೆಯ ಹಿಂದಿನ ಗೋಡೆ ಕೆರೆದೆವು.
ಗುಲಾಬಿ ಡಿಸ್ಟೆಂಪರು, ಅದರಡಿ ನೀಲಿ,
ಅದರಡಿ ಬಿಳಿ, ಬಿಳಿ, ಮತ್ತೆ ಬಿಳಿ.
ಇಪ್ಪತ್ಮೂರು ಪದರ ಎಣಿಸಿದೆ. ಕೆಳಗಿನವು ದಪ್ಪ.
"ಇದು ನಾ ಲಗ್ನ ಆಗಿ ಬಂದ ವರ್ಸದ್ದು," ಉಗುರಿಟ್ಟು ತೋರಿಸಿದಳು,
"ಇದು ನಮ್ಮತ್ತಿ ಕೈದು, ನೋಡ್ರಿ, ಎಷ್ಟು ನುಣುಪು.
ಬಳಿಯಾಕ ಕರೀತಿದ್ರು. ಒಳಗ ಕುಂಡ್ರಾಕ ಕರೀಲಿಲ್ಲ."
ಕೆರೆಯ ದೊಡ್ಡ ಚಿಪ್ಪೆಲ್ಲ ಇಲ್ಲಿಗೆ ಬಂದು ನಿಂತಿದ್ದವು,
ಮಕ್ಕಳು ಬೆನ್ನೊರಗಿಸುವ ಎತ್ತರಕ್ಕೆ.

ಆದರೆ ಸುಣ್ಣದಲ್ಲಿ ಯಾವುದು ಯಾವುದೆಂದು ತಿಳಿಯದು, ಅಂದೆ.
ಸುಟ್ಟ ಮೇಲೆ ಜಾತಿ ಉಳಿಯುವುದಿಲ್ಲ.
ಅಂಬವ್ವ ನಕ್ಕಳು. ಬಹಳ ಹೊತ್ತು ನಕ್ಕಳು.
ಅಡಿಪಟ್ಟಿ ಒರೆಸಿಕೊಂಡು ನಾನು ಚೀಲಕ್ಕೆ ಹಾಕಿದೆ.

ರಾತ್ರಿ ನೋಟ್‌ಬುಕ್ಕಿನ ಕೊನೆಯ ಸಾಲು.
ಪುಸ್ತಕದ ಹೆಸರು ನನಗೆ ಬಾಯಿಪಾಠ,
ಬರೆಯಲಿಲ್ಲ. ಎಡಮುರಿ, ಅಂತ ಬರೆದೆ.

ಬೆಳಿಗ್ಗೆ ನೋಡಿದರೆ ಬಾಟಲಿಯ ಕೆಸರಿನಿಂದ
ಒಂದು ಎದ್ದು ಗಾಜು ಹತ್ತಿ ಬಂದಿತ್ತು,
ಅದರ ಹಿಂದೆ ಅಂಟಿನ ಒಂದು ತುಣುಕು,
ತುಣುಕಿನ ತುಂಬ ಮೊಟ್ಟೆ.
ಚಹಾ ಆರುತ್ತಿತ್ತು.
ಕನ್ನಡಕ ಹಾಕಿಕೊಂಡು ಎಣಿಸಿದೆ,
ನಲವತ್ತೊಂದು.